ಒಂಬತ್ತು ಸೆಂಟಿಮೀಟರು, ಮೇಲೆ ನಾಲ್ಕು ಗೆರೆ

ಬೆಳಿಗ್ಗೆ ಷಟರು ಎತ್ತಿ, ಕಸ ಗುಡಿಸಿ,
ಸ್ವಿಚ್ಚು ಹಾಕಿದರೆ
ಮೊದಲು ಒಂದು ಕೆಮ್ಮು, ಆಮೇಲೆ
ಎರಡು ಬೆರಳಗಲದ ಹಸಿರು ಗಾಜಿನಲ್ಲಿ ಅದೇ ಮಾತು:
ಫ್ಯೂಸರ್ ಬದಲಿಸಿ.
ಸರಿಯಪ್ಪ ಎಂದು ಓಕೆ ಒತ್ತುತ್ತೇನೆ.
ಹದಿನಾಲ್ಕು ತಿಂಗಳಿಂದ
ಅದು ಹೇಳುತ್ತದೆ, ನಾನು ಸರಿಯಪ್ಪ ಅನ್ನುತ್ತೇನೆ.

ಮಂಡ್ಯದ ತಾಲ್ಲೂಕು ಕಚೇರಿಯೆದುರು
ಕಬ್ಬಿನ ಹಾಲಿನ ಗಾಡಿಗೆ ಒತ್ತಿಕೊಂಡಂತೆ
ಆರಡಿ ಎಂಟಡಿ ಅಂಗಡಿ.
ವಂಶವೃಕ್ಷ, ಪೌತಿ ಖಾತೆ, ಹೆಸರು ತಿದ್ದುಪಡಿ.
ಬ್ಯಾಂಕಿನವರು ಹರಾಜು ಹಾಕಿದಾಗ ಹಿಡಿದ ಪ್ರಿಂಟರು,
ನನ್ನ ಕೈಗೆ ಬರುವಾಗಲೇ ಲಕ್ಷ ಪುಟ ಓಡಿತ್ತು.
ಹೊಸ ಫ್ಯೂಸರಿಗೆ ಹನ್ನೊಂದು ಸಾವಿರ.
ಹನ್ನೊಂದು ಸಾವಿರಕ್ಕೆ ಎಷ್ಟು ವಂಶವೃಕ್ಷ
ಎಂದು ಲೆಕ್ಕ ಹಾಕಿ, ಕ್ಯಾಲ್ಕುಲೇಟರು ಮಗುಚಿಟ್ಟೆ.

ಮೈಸೂರಿಂದ ಜಬೀವುಲ್ಲಾ ಬಂದ,
ರೈಲಿನ ಬೆವರು ಒರೆಸಿಕೊಳ್ಳುತ್ತಲೇ ಒಂದು ಹಾಳೆ ಹೊಡೆಸಿ
ಬಿಸಿಯಿರುವಾಗಲೇ ಹೆಬ್ಬೆರಳಿಂದ ಗಸಗಸ ಉಜ್ಜಿದ.
ಒಂದು ಒತ್ತಕ್ಷರವೂ ಅಳಿಸಲಿಲ್ಲ.
'ಚೆನ್ನಾಗೇ ಬೇಯಿಸ್ತಿದೆ ಮೇಡಂ.
ಇದಕ್ಕೆ ಕಣ್ಣಿಲ್ಲ, ಎಣಿಸೋದೊಂದು ಗೊತ್ತು.
ಎರಡು ಲಕ್ಷ ಆಯ್ತಾ, ಸವೆದಿರಬೇಕು ಅಂತ ಅದರ ನಂಬಿಕೆ.'
ಎರಡು ಗುಂಡಿ ಒಟ್ಟಿಗೆ ಅದುಮಿ ಹಿಡಿದ.
ಲೆಕ್ಕ ಸೊನ್ನೆಗೆ ಬಂತು, ಗಾಜಿನಲ್ಲಿ 'ಸಿದ್ಧ'.
ನನ್ನ ಮಂಡಿಯಲ್ಲೂ ಇಂಥ ಗುಂಡಿ ಇದ್ದಿದ್ದರೆ!
ಇನ್ನೂರು ರೂಪಾಯಿ ಕೊಟ್ಟೆ. ಟೀ ಬೇಡ ಅಂದ.

ಗುರುವಾರ ಕೀಲಾರದ ಮಂಚಯ್ಯ ಬಂದರು,
ಜೊತೆಗೆ ಆರನೇ ಕ್ಲಾಸಿನ ಮೊಮ್ಮಗಳು ಸಿಂಚನ.
ಹಾಳೆ ಹೊರಬಿದ್ದದ್ದೇ ಅವಳ ಕೈಗೆ,
ಕಟಕಟೆಯಲ್ಲಿ ನಿಂತ ಹಾಗೆ ನಿಂತು
ಜೋರಾಗಿ ಓದಿದಳು:
'ಮಂಚಯ್ಯನವರ ಹಿರಿಯ ಮಂಗ ಶಿವಸ್ವಾಮಿ...'
ಆಮೇಲೆ ಓದಲಾಗಲಿಲ್ಲ, ನಗು.
ಮಕಾರಕ್ಕೂ ಗಕಾರಕ್ಕೂ ನಡುವೆ
ನಾನು ಹಾಕದ ಒಂದು ಸೊನ್ನೆ.
'ನೋಡವ್ವ, ನಿನ್ ಮಿಸನ್ನಿಗೂ ಗೊತ್ತಾಗೋಗದೆ,'
ಎಂದರು ಮಂಚಯ್ಯ. ಅವರ ಮುಖದಲ್ಲಿ ನಗುವಿರಲಿಲ್ಲ.

ಮತ್ತೆ ಹೊಡೆದೆ. ಮತ್ತೆ ಮಂಗ.
ಪುಟಕ್ಕೆ ಮೂರು ಚುಕ್ಕಿ, ಮೇಲಿಂದ ಕೆಳಗೆ
ನೂಲು ಹಿಡಿದ ಹಾಗೆ ಒಂದರ ಕೆಳಗೊಂದು.
ಫೋನಿನಲ್ಲಿ ಜಬೀವುಲ್ಲಾ: 'ಎಷ್ಟು ದೂರಕ್ಕೆ ಬೀಳ್ತಿದೆ?
ಅಳೆದು ಹೇಳಿ.'
ಸಿಂಚನಳ ಕಂಪಾಸು ಪೆಟ್ಟಿಗೆಯಿಂದ ಸ್ಕೇಲು.
ಒಂಬತ್ತು ಸೆಂಟಿಮೀಟರು, ಮೇಲೆ ನಾಲ್ಕು ಗೆರೆ.
'ಏಳೂವರೆ ಇದ್ದಿದ್ರೆ ಫ್ಯೂಸರು ಅನ್ನಬಹುದಿತ್ತು.
ಇದು ಡ್ರಮ್ಮು. ಅದರ ಒಂದು ಸುತ್ತು ಅಷ್ಟೇ ಉದ್ದ.'

ಡ್ರಮ್ಮಿನ ಬಗ್ಗೆ ಅದು
ಒಂದು ದಿನವೂ ತುಟಿ ಬಿಚ್ಚಿರಲಿಲ್ಲ.
ಹೊರಗೆಳೆದು, ಬಿಸಿಲು ಬೀಳದಂತೆ ಸೆರಗು ಮರೆಮಾಡಿ ನೋಡಿದೆ:
ನವಿಲು ಬಣ್ಣದ ನುಣುಪು ಮೈಯಲ್ಲಿ
ಸಾಸಿವೆಯಷ್ಟು ಗಾಯ.
ಯುಗಾದಿಯ ಹಿಂದಿನ ಸಂಜೆ ಸಿಕ್ಕಿಕೊಂಡ ಹಾಳೆಯನ್ನು
ಹೇರ್‌ಪಿನ್ನಿನಿಂದ ಕೆದಕಿ ಎಳೆದದ್ದು
ನಾನೇ.

ಹೊಸ ಡ್ರಮ್ಮು ಸೋಮವಾರ.
ಮಂಚಯ್ಯನವರ ಸಾಹೇಬರು ಇವತ್ತೇ ರಜೆ ಮೇಲೆ ಹೊರಟವರು.
ಮಗ ತೆಗೆದು ಪುತ್ರ ಎಂದು ಹಾಕಿ ಓದಿಸಿದೆ.
'ಯಾರವ್ವ ಅದು ಪುತ್ರ? ನನ್ ಮಗುನ್ನ
ಮಗ ಅಂತ್ಲೇ ಬರಿ.'
ಸರಿಯಪ್ಪ ಎಂದೆ.
ಮೇಲೆ ಎರಡು ಸಾಲು ಖಾಲಿ ಬಿಟ್ಟು
ಇಡೀ ವಂಶವನ್ನು ಒಂದಿಷ್ಟು ಕೆಳಗೆ ಸರಿಸಿದೆ.
ಚುಕ್ಕಿ ಈಗ ಯಾರ ಹೆಸರಿಗೂ ತಾಗದೆ
ಸತ್ತವರ ಸಾಲಿಗೂ ಇದ್ದವರ ಸಾಲಿಗೂ ನಡುವಿನ
ಬಿಳಿಯಲ್ಲಿ ಬಿತ್ತು.
ಕೆಳಗೆ ಮಂಚಯ್ಯ ಹೆಬ್ಬೆಟ್ಟು ಒತ್ತಿದರು,
ಒತ್ತಿದ್ದು ಸರಿಯಾಗಿ
ಮೂರನೆಯ ಚುಕ್ಕಿಯ ಮೇಲೆ.