ಮಡಚುವ ಕಿವಿ

ಲ್ಯಾಮಿಂಗ್ಟನ್ ರೋಡಿನ ಮುರ್ತಝಾ ಭಾಯಿ
ಎರಡು ಸಲ ಮಡಚಿ, ಎರಡು ಸಲ ಬಿಚ್ಚಿ ತೋರಿಸಿದ.
ಕಟಕ್ ಎಂದು ಒಳಕ್ಕೆ ಬಾಗಿದವು ಬಟ್ಟಲೆರಡೂ,
ಮೊಣಕಾಲು ಹೊಟ್ಟೆಗೆಳೆದು ಮಲಗಿದ ಮಗುವಿನ ಹಾಗೆ.
"ಒಂಬೈನೂರು, ಇನ್ನು ಮಾತಿಲ್ಲ" ಎಂದ.
ಆ ಕಟಕ್ಕಿಗೇ ನಾನು ಸೋತೆ.
ಸ್ವರ ಹೇಗಿದೆ ಎಂದು ಕೇಳಿಯೇ ನೋಡಲಿಲ್ಲ.

ಒಳ್ಳೆಯದನ್ನು ಮೊದಲು ಹೇಳುವುದು ನ್ಯಾಯ.
ಊಟದ ಡಬ್ಬಿಯ ಪಕ್ಕ, ಕೊಡೆಯ ಅಡಿಯಲ್ಲಿ
ಒಂದು ಬನ್ನಿನಷ್ಟು ಜಾಗ ಸಾಕು ಅದಕ್ಕೆ.
ಕಿವಿಯನ್ನು ಪೂರ್ತಿ ಮುಚ್ಚುತ್ತದೆ, ಬೆಂಡೋಲೆ ಸಮೇತ.
ಸೋಮವಾರ ಉಣಿಸಿದರೆ ಗುರುವಾರದ ತನಕ ಹಸಿವೆನ್ನದು,
ಸತ್ತರೂ ತಂತಿ ಚುಚ್ಚಿದರೆ ಎದ್ದು ಕೂರುತ್ತದೆ.
ಕಿವಿ ಮುಚ್ಚಿದ ಹೆಂಗಸಿಗೆ ಯಾರೂ
"ಜರಾ ಸರ್ಕಾ" ಎನ್ನುವುದಿಲ್ಲ ಅಂದುಕೊಂಡಿದ್ದೆ.
ಅನ್ನುತ್ತಾರೆ. ಮೊಣಕೈಯಿಂದ ಅನ್ನುತ್ತಾರೆ.

ಇನ್ನು ಉಳಿದದ್ದು.
ಕನ್ನಡಕದ ಕಡ್ಡಿಯನ್ನು ತಲೆಯೊಳಕ್ಕೆ ಒತ್ತುತ್ತದೆ.
ಮೇ ತಿಂಗಳಲ್ಲಿ ಕಿವಿ ಎರಡೂ ಇಡ್ಲಿಯಂತೆ ಬೇಯುತ್ತವೆ.
ಆರು ತಿಂಗಳಿಗೆ ಮೆತ್ತೆಯ ಕಪ್ಪು ತೊಗಲು ಸುಲಿದು
ಕೆನ್ನೆಗೆಲ್ಲ ಚಕ್ಕೆ ಚಕ್ಕೆ ಅಂಟಿ,
ಆಫೀಸಿನ ಪ್ರಾಜಕ್ತಾ ಗುಟ್ಟಾಗಿ
ಒಬ್ಬ ಚರ್ಮದ ಡಾಕ್ಟರ ನಂಬರು ಕೊಟ್ಟಳು.
ಮತ್ತೆ ಆ ಢಮಢಮ. ಏನು ಕೇಳಿದರೂ
ಪಕ್ಕದ ಮನೆಯಲ್ಲಿ ಯಾರೋ ಗಾದಿ ಬಡಿದಂತೆ,
ಗಂಟಲೆಲ್ಲ ಹೊಟ್ಟೆಗಿಳಿದ ಧ್ವನಿ.
ಸೋರುವುದೊಂದು ಬೇರೆ.

ಠಾಣೆಯಲ್ಲಿ ಹತ್ತಿ ಘನ್ಸೋಲಿಯಲ್ಲಿ ಇಳಿಯುವವಳು ನಾನು,
ವಿಮಾ ಕಂಪನಿಯ ಕನ್ನಡದ ಕರೆಗಳನ್ನು ಕೇಳಿ
ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವವಳು.
ಹೆಸರು ಹಿಡಿದು ಮಾತಾಡಿಸಿದರೇ? ಕ್ಷಮಿಸಿ ಎಂದರೇ?
ಕೊನೆಗೆ ಶುಭ ಕೋರಿದರೇ?
ರೈಲಿನಲ್ಲಿ ಕೇಳಬಾರದು ಎಂಬ ನಿಯಮವಿದೆ.
ದಿನಕ್ಕೆ ಅರವತ್ತು ಕರೆ ಎಂಬ ನಿಯಮವೂ ಇದೆ.

ಆ ಮಂಗಳವಾರ, ನಾಲ್ಕನೇ ಸೀಟಿನ ಅಂಚಿನಲ್ಲಿ
ಅರ್ಧ ಕೂತು ಅರ್ಧ ನಿಂತು, ಒಂದು ಕರೆಗೆ
ಎಂಟೂವರೆ ಹಾಕಿ, ಇನ್ನೊಮ್ಮೆ ಓಡಲು ಬಿಟ್ಟಿದ್ದೆ.
ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಶೆವಂತಾ ಮಾವಶಿ,
ಕನ್ನಡದ ಒಂದಕ್ಷರ ಬಾರದವಳು,
ತೊಡೆ ತಟ್ಟಿ ಕೇಳಿದಳು: "ಯಾಕೆ ಅಳುತ್ತಿದ್ದಾಳೆ ಆಕೆ?"

ಯಾರೂ ಅಳುತ್ತಿಲ್ಲ ಎಂದೆ.
"ಅಳುತ್ತಿದ್ದಾಳಲ್ಲ" ಎಂದು
ಬೆಳ್ಳುಳ್ಳಿಯ ಬೆರಳಲ್ಲೇ ನನ್ನ ಕಿವಿಯತ್ತ ತೋರಿದಳು.

ತೆಗೆದೆ. ಕೈಯಲ್ಲಿ ಹಿಡಿದು, ದೂರದಿಂದ ಕೇಳಿದೆ.
ದಪ್ಪಗಿನದೆಲ್ಲ ಒಳಗೇ ಉಳಿದು
ಹೊರಗೆ ಸೋರಿದ್ದು ತೆಳ್ಳಗಿನದು ಮಾತ್ರ:
ಗದುಗಿನ ಕಡೆಯ ಹೆಂಗಸು, ಗಂಡನ ಪಾಲಿಸಿ ನಂಬರು
ಒಂದೊಂದೇ ಅಂಕಿ ಓದುತ್ತ,
ಏಳು ಮತ್ತು ಒಂದರ ನಡುವೆ
ಸೆರಗು ಕಚ್ಚಿಕೊಂಡ ಒಂದು ಉಸಿರು.
ಕೊನೆಗೆ ನಮ್ಮ ಹುಡುಗ, ತಪ್ಪದೆ:
"ನಿಮ್ಮ ದಿನ ಶುಭವಾಗಿರಲಿ."
ಅದೊಂದಕ್ಕೇ ನಾನು ಒಂದೂವರೆ ಅಂಕ ಕೊಟ್ಟಿದ್ದೆ.

ಪುಢೀಲ ಸ್ಟೇಶನ್ ಕೋಪರ್‌ಖೈರಣೆ ಎಂದಿತು ಗಾಡಿ.
ಘನ್ಸೋಲಿ ಯಾವಾಗ ಹೋಯಿತೋ.
ಷರಾ ಬರೆಯುವ ಚೌಕದಲ್ಲಿ ನಲವತ್ತು ಅಕ್ಷರಕ್ಕೆ ಜಾಗ.
ಏನು ಬರೆದೆನೆಂದು ಇಲ್ಲಿ ಹೇಳುವುದಿಲ್ಲ.

ಹೋದ ವಾರ ಬಲಗಡೆಯ ಕೀಲು ಮುರಿಯಿತು.
ಕಪ್ಪು ಟೇಪು ಸುತ್ತಿದ್ದೇನೆ, ಇನ್ನದು ಮಡಚುವುದಿಲ್ಲ.
ಬ್ಯಾಗಿನ ತುಂಬ ಕಿವಿ ತೆರೆದು ಕೂತಿರುತ್ತದೆ.
ಡಬ್ಬಿಯನ್ನು ಓರೆಯಾಗಿ ಇಡಬೇಕು.
ಸಾರು ಚೆಲ್ಲುತ್ತದೆ.