ಸಪ್ಪಳ

ಹಂಜಗಿ ಗುರುಪಾದಪ್ಪ ಕೈ ಎತ್ತಿದನಂದ್ರ
ಪರದೆ ಹಿಂದ ನಾನು ಉಸಿರು ಹಿಡೀತಿದ್ದೆ.
ಹತ್ತು ವರ್ಷದ ಹುಡುಗ. ದಿನಕ್ಕ ಎಂಟಾಣೆ,
ಮ್ಯಾಲೆ ಎರಡು ಹೊತ್ತಿನ ಊಟ.
ಕೆಲಸ ಇಷ್ಟ:
ಅವನ ಅಂಗೈ ಶೇವಂತಾಬಾಯಿ ಗಲ್ಲದ ಹತ್ರ ಬಂತೋ
ನನ್ನ ಎರಡೂ ಅಂಗೈ ಕೂಡಬೇಕು.

ಫಟ್!

ದುಧನಿಯ ತಗಡಿನ ಥೇಟರದಾಗ
ಹೆಂಗಸರ ಸಾಲಿನಿಂದ ಶಾಪ ಏಳತಿತ್ತು,
ಅರ್ಧ ಕನ್ನಡದಾಗ, ಅರ್ಧ ಮರಾಠಿಯಾಗ.
ಒಂದಿನ ಚಪ್ಪಲಿ ಬಂತು, ಎಡಗಾಲಿಂದು.
ಆಟ ಮುಗಿದ ಮ್ಯಾಲೆ, ಬಣ್ಣ ಸೈತ ತೊಳೀದ
ಕಂದೀಲು ಹಿಡದು ಅದರ ಒಡತಿನ್ನ ಹುಡುಕಿದ:
"ಯವ್ವಾ, ಒಂದ ಚಪ್ಪಲಿ ನನಗ್ಯಾಕ, ಒಂದ ನಿನಗ್ಯಾಕ?"
ಆಕಿ ಇನ್ನೊಂದೂ ಒಗದಳು.
ಆ ಜೋಡಿ ಅವನ ಟ್ರಂಕಿನಾಗ ಇನ್ನೂ ಅದಾವ,
ಸನ್ಮಾನದ ಶಾಲಿನ ಮ್ಯಾಲೆ.

ಶೇವಂತಾಬಾಯಿ ಅಂತಿದ್ದಳು:
ಹದಿನಾಲ್ಕು ವರ್ಷ ಹೊಡದಾನ ನನಗ,
ಒಂದು ಬೆರಳು ತಾಕಿಲ್ಲ.
ಗಾಳಿ ಅಷ್ಟ ಬರತಿತ್ತು,
ಯಾಲಕ್ಕಿ ವಾಸನಿ ಗಾಳಿ.

ಮುಂದ ಸಿನಿಮಾದವರು ಕರದರು.
ಮೊದಲ ದಿನಾನ ಕೇಳಿದನಂತ,
"ಸಪ್ಪಳ ಮಾಡೋ ಹುಡುಗ ಎಲ್ಲಿ?"
ಎಲ್ಲಾರೂ ನಕ್ಕರು. ಸಪ್ಪಳ ಆಮ್ಯಾಲೆ ಹಚ್ಚತೀವಿ,
ಮುಖ ಮಾತ್ರ ಖರೇನ ತಿರಗಬೇಕು, ಅಂದ್ರು.
ಹೊಸ ಹುಡುಗಿ. ಕಿವಿಯಾಗ ಅವರವ್ವನ ಬೆಂಡೋಲಿ.
ಒಂದು ಸಲ ಬೆಳಕು ಸರಿಯಿಲ್ಲ, ಒಂದು ಸಲ ನೆರಳು.
ಏಳನೇದಕ್ಕ ಸರಿ ಆತು.

ಆ ಚಿತ್ರ ಸೊಲ್ಲಾಪುರದಾಗ ಭರ್ತಿ ಓಡಿತು.
ಅಂವ ನೋಡಲಿಲ್ಲ. ನಾನು ಕದ್ದು ಹೋದೆ.
ಫಟ್ ಅಂತು. ಯಾರದೋ ಕೈ, ಯಾವುದೋ ಖೋಲಿಯಾಗ,
ನನ್ನ ಕೈಗಿಂತ ದೊಡ್ಡದು.
ಬೆಂಡೋಲಿ ಹಾರಿದ್ದು ಮಾತ್ರ ಖರೇ.

ಅಲ್ಲಿಂದ ಮುಂದ ಯಾರು ಕರಾರು ತಂದರೂ
ಒಂದ ಮಾತು: ಬೆಂಕಿ ಹಚ್ಚತೀನಿ, ವಿಷ ಹಾಕತೀನಿ,
ಊರು ನುಂಗು ಅಂದ್ರ ನುಂಗತೀನಿ.
ಕಪಾಳಕ್ಕ ಹೊಡಿಯಂಗಿಲ್ಲ.

ಈಗ ನಾನು ಅಡತಿ ಅಂಗಡಿಯಾಗ ತೊಗರಿ ತೂಗತೀನಿ.
ಅವನಿಗೆ ಎಂಬತ್ತೊಂದು.
ಸಂಜಿಕ ಸ್ಟೇಶನ್ ಮುಂದ ಚಹಾಕ್ಕ ಕೂಡತೀವಿ.
ಅವನ ಕೈ ನಡಗತಾವ,
ಕಪ್ಪಿನಾಗಿಂದ ಅರ್ಧ ಬಶಿಗೆ, ಅರ್ಧ ಧೋತರಕ್ಕ.

ನಿನ್ನೆ ಹುಡುಗರು ಮೊಬೈಲ್ ಹಿಡಕೊಂಡು ಬಂದ್ರು.
"ಮುತ್ಯಾ, ಇವನಿಗೊಂದು ಕೊಡ್ರಿ, ವಿಡಿಯೋ ಮಾಡತೀವಿ."
ಬ್ಯಾಡಪಾ ಅಂದ.
ಬ್ಯಾಡ ಅಂದ.
ಆಮ್ಯಾಲೆ ಬಲಗೈ ತಾನ ಎದ್ದಿತು. ನಡಗಲಿಲ್ಲ.
ಹುಡುಗನ ಗಲ್ಲದ ಮುಂದ ಬಂದು ನಿಂತಿತು,
ನಡುವ ಒಂದು ತೊಗರಿಕಾಳು ಹಿಡಿಯೋವಷ್ಟು ಜಾಗ ಬಿಟ್ಟು.
ಮೇಜಿನ ಕೆಳಗ ನನ್ನ ಕೈ ಕೂಡಿದವು,
ನನ್ನನ್ನ ಕೇಳದ.

ಹುಡುಗ ಹೌಹಾರಿ ಮಾರಿ ತಿರುವಿದ.
ಚಹಾದಂಗಡಿಯಾಂವ ಸೈತ ಸುಮ್ಮಾದ.

ಗುರುಪಾದಪ್ಪ ಬಶಿ ಎತ್ತಿ ಒಂದು ಗುಟುಕು ಕುಡದ.
ನನ್ನ ಕಡೆ ನೋಡಲಿಲ್ಲ.
"ತಡಾ ಮಾಡಿದಿ ಮೈಬ್ಯಾ," ಅಂದ,
"ಅರ್ಧ ಕಾಳಿನಷ್ಟು."