ಕಳೆದದ್ದು, ಸಿಕ್ಕಿದ್ದು

ರೀಗಾದ ಟ್ರಾಮ್ ಡಿಪೋದ ಹಿಂದೆ ಒಂದು ಕೋಣೆ,
ಹೀಟರಿನ ಪಕ್ಕ ನಾನೂರು ಕೊಡೆ.
ಜಿಂತ್ರಾ ಅಲ್ಲಿ ಎರಡು ಟೇಬಲ್ಲು ಕಾಯುತ್ತಾಳೆ,
ಮರದ್ದಲ್ಲ, ಡೇಟಾಬೇಸಿನವು:
ಒಂದು ಕಳೆದುಕೊಂಡವರದು,
ಇನ್ನೊಂದು ಸಿಕ್ಕ ವಸ್ತುಗಳದು.

ಜೋಡಿಸು ಅಂದರೆ ಜೋಡಿಸುತ್ತದೆ ಯಂತ್ರ.
ಜಾಯಿನ್ ಎಂಬ ಒಂದು ಪದ, ಆಮೇಲೆ
ಯಾವುದಕ್ಕೆ ಯಾವುದು ಎಂಬ ಷರತ್ತು.
ಷರತ್ತು ಮರೆತ ಮೊದಲ ವಾರ
ಪ್ರತಿ ಕೊಡೆಗೂ ಊರೆಲ್ಲ ಒಡೆಯರು,
ಒಂದೇ ಹಲ್ಲುಸೆಟ್ಟು ಎಲ್ಲರ ಬಾಯಿಗೆ;
ಲಕ್ಷ ಸಾಲು ಉರುಳಿ
ಯಂತ್ರ ಏದುಸಿರು ಬಿಟ್ಟಿತ್ತು.

ಈಗ ಪಳಗಿದ್ದಾಳೆ.
ಒಳಜೋಡಣೆಗೆ ಬರುವುದು ಜೊತೆ ಸಿಕ್ಕವರಷ್ಟೇ;
ಎಡಜೋಡಣೆಗೆ ಸಿಗದವರೂ ಬಂದು ನಿಲ್ಲುತ್ತಾರೆ
ಬಲಗೈಯಲ್ಲಿ ನಲ್ ಹಿಡಿದುಕೊಂಡು.
ನಲ್ ಅಂದರೆ ಸೊನ್ನೆಯಲ್ಲ,
ಇಲ್ಲ ಅಂತಲೂ ಅಲ್ಲ.
ಗೊತ್ತಿಲ್ಲ, ಅಷ್ಟೆ.

ಏಪ್ರಿಲ್ಲಿಗೆ ಹರಾಜು.
ಯಾರೂ ಕೇಳದ ವಸ್ತುಗಳ ಪಟ್ಟಿ ಬೇಕು.
ಬರೆದಳು: ಸಿಕ್ಕಿದ್ದರಲ್ಲಿ
ಈ ಕಂಸದೊಳಗೆ ಇಲ್ಲದ್ದನ್ನೆಲ್ಲ ಕೊಡು.
ಕಂಸದೊಳಗೆ ಇನ್ನೊಂದು ಪ್ರಶ್ನೆ, ಬಸುರಿನಂತೆ;
ಮೊದಲು ಒಳಗಿನದೇ ಮಿಸುಕಬೇಕು:
ಯಾರ ದೂರಿಗೆ ಯಾವ ವಸ್ತು ಹೊಂದಿದೆ?

ಉತ್ತರ: ಸೊನ್ನೆ ಸಾಲು.
ಕಪಾಟು ತುಂಬಿ ತುಳುಕುತ್ತಿದೆ, ಸೊನ್ನೆ ಸಾಲು!
ಕಾಗುಣಿತ ನೋಡಿದಳು, ಕಾಫಿ ಆರಿತು,
ಕಡೆಗೆ ಒಳಗಿನ ಪ್ರಶ್ನೆಯೊಂದನ್ನೇ ಬಿಡಿಸಿ ಕೇಳಿದಳು.
ಅಂಕಿಗಳ ನಡುವೆ ಒಂದು ಖಾಲಿ ಮನೆ.
ವಿಜ್ಮಾ ಬ್ರಿಯೆದೆ, ಎಂಬತ್ತೊಂದು ವರ್ಷ,
ಪ್ರತಿ ಗುರುವಾರ ಬರುವವಳು.
ಬೂದು ಕೈಗವಸು, ಎಡಗೈಯದು,
ಟ್ರಾಮು ಆರೋ ಹನ್ನೊಂದೋ.
ಅವಳ ಹೆಸರಿನ ಮುಂದೆ ನಲ್.

ಯಂತ್ರದ ವಾದ ಇಷ್ಟು:
ಅವಳದ್ದು ಯಾವುದೋ ಗೊತ್ತಿಲ್ಲದ ಮೇಲೆ
ಯಾವುದನ್ನು ಅವಳದ್ದಲ್ಲ ಎಂದು ಆಣೆಯಿಡಲಿ?
ಕೊಡೆ? ಸ್ಕೇಟು? ಬೆಕ್ಕಿನ ಪಂಜರ?
ಒಬ್ಬಳಿಗೆ ಸಿಗುವತನಕ
ಒಂದನ್ನೂ ಯಾರದ್ದೂ ಅಲ್ಲ ಅನ್ನಲಾರೆ.

ಹದಿನಾರು ವರ್ಷದ ನೌಕರಿಯಲ್ಲಿ
ಆ ಮುದುಕಿಗೆ ಇಷ್ಟು ಮರ್ಯಾದೆ
ಇಲ್ಲಿ ಯಾರೂ ಕೊಟ್ಟದ್ದು ಕಂಡಿರಲಿಲ್ಲ ಜಿಂತ್ರಾ.

ಮೇಲಧಿಕಾರಿ ಇಲ್ಮಾರ್ಸ್ ಫೋನು: ಪಟ್ಟಿ ಎಲ್ಲಿ?
ನಲ್ ಅಲ್ಲದ್ದು ಮಾತ್ರ ಎಂದು ಒಂದು ತುಣುಕು ಸೇರಿಸಿದಳು.
ವಿಜ್ಮಾ ಕಂಸದಿಂದ ಹೊರಗೆ.
ಮುನ್ನೂರ ಹನ್ನೆರಡು ಸಾಲು ದಡದಡ ಬಂದವು.
ಕಳಿಸಿದಳು.

ಆಮೇಲೆ ಎದ್ದು ಹೋಗಿ
ಕೈಗವಸಿನ ಡಬ್ಬಿ ನೆಲಕ್ಕೆ ಸುರುವಿದಳು.
ಬೂದು, ಎಡಗೈ: ಮೂರು ಸಿಕ್ಕವು.
ಒಂದರ ಹೆಬ್ಬೆರಳು ಹರಿದಿದೆ.
ಮೂರನ್ನೂ ತನ್ನ ಡ್ರಾಯರಿಗೆ ಹಾಕಿದಳು,
ಯಾವ ಟೇಬಲ್ಲಿಗೂ ಏರಿಸಲಿಲ್ಲ.
ಇವತ್ತಿನ್ನೂ ಮಂಗಳವಾರ.